ವಿಜ್ಞಾನೇಶ್ವರನ ತೀರ್ಮಾನವೂ ನಮ್ಮ ಕಾಯಿದೆಯೂ

ಪಂಚಾಂಗಕ್ಕೆ ಹೆಸರಾದ ಒಂಟಿಕೊಪ್ಪಲಿನಲ್ಲಿ ಈಗ ತಿಥಿ ನಕ್ಷತ್ರಗಳಿಗಿಂತ ಹೆಚ್ಚಿನ ಆತಂಕದಿಂದ ವರ್ಷಗಳನ್ನು ಎಣಿಸುತ್ತಿರುವವರು, ಮಕ್ಕಳು ಪರದೇಶದಲ್ಲಿ ನೆಲಸಿರಲು ಹಳೆಯ ಮನೆಯನ್ನು ಬಾಡಿಗೆಗೋ ಪರಿಚಿತರ ಉಸ್ತುವಾರಿಗೋ ಬಿಟ್ಟಿರುವ ವೃದ್ಧ ಮಾಲೀಕರು. ‘ಹನ್ನೆರಡು ವರ್ಷ ತುಂಬಿದರೆ ಮನೆ ಅವರದೇ ಆಗಿಬಿಡುತ್ತದಂತೆ’ ಎಂಬ ಕಟ್ಟೆಯ ಮಾತು ಅವರ ನಿದ್ರೆಗೆಡಿಸಿದೆ.

ಈ ಭೀತಿಯಲ್ಲಿ ಅರ್ಧ ಮಾತ್ರ ಸತ್ಯ. ಬಾಡಿಗೆದಾರನಾಗಲಿ ಕಾವಲಿನವನಾಗಲಿ ಒಡೆಯನ ಅನುಮತಿಯಿಂದಲೇ ಹೊಸಿಲು ದಾಟಿದವನಾದುದರಿಂದ, ಆ ಅನುಮತಿಯ ಆಶ್ರಯದಲ್ಲಿ ಎಷ್ಟು ಕಾಲ ಕಳೆದರೂ ಅವನ ವಾಸವು ಪ್ರತಿಕೂಲ ಸ್ವಾಧೀನವೆನಿಸದು. ಒಡೆಯನ ಹಕ್ಕನ್ನು ಅಲ್ಲಗಳೆದು, ಬಹಿರಂಗವಾಗಿ, ಅವಿಚ್ಛಿನ್ನವಾಗಿ ಅನುಭವಿಸಿದವನಿಗೆ ಮಾತ್ರ 1963ರ ಕಾಲಮಿತಿ ಕಾಯಿದೆಯ 12 ವರ್ಷಗಳ ಗಡುವು ಒದಗುತ್ತದೆ. ಸರ್ಕಾರದ ನೆಲವಾದರೆ 30 ವರ್ಷ. ಬರಿಯ ದೀರ್ಘ ವಾಸ ಸಾಲದು, ಒಡೆಯನಿಗೆ ವಿರುದ್ಧವಾದ ಸಂಕಲ್ಪವೂ ಬೇಕೆಂಬುದನ್ನು ನಮ್ಮ ರಾಜ್ಯದ್ದೇ ಆದ ಮುನಿಚಿಕ್ಕಣ್ಣ ರೆಡ್ಡಿ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು 2007ರಲ್ಲಿ ವಿಶದಪಡಿಸಿತು.

ಉಳಿದರ್ಧವು ಕಹಿಯಾದುದು. ಗಡುವು ತೀರಿದೊಡನೆ ದಾವೆ ಹೂಡುವ ಅವಕಾಶವಷ್ಟೇ ಅಲ್ಲ, ಕಾಯಿದೆಯ 27ನೆಯ ಕಲಮಿನಂತೆ ಒಡೆತನವೇ ನಶಿಸಿಹೋಗುತ್ತದೆ, ಒಡೆಯನಿಗೆ ಕಾಸಿನ ಪರಿಹಾರವೂ ಇಲ್ಲದೆ. ಅನೇಕರು ಪ್ರತಿವಾದಿಗಷ್ಟೇ ಸಲ್ಲುವುದೆಂದು ಭಾವಿಸಿದ್ದ ಪ್ರತಿಕೂಲ ಸ್ವಾಧೀನದ ವಾದವನ್ನು ವಾದಿಯೂ ಎತ್ತಬಹುದೆಂದು 2019ರಲ್ಲಿ ತೀರ್ಪಾಯಿತು.

ಕಾಲ ಕಳೆದುದರಿಂದಲೇ ಒಡೆತನ ಅಳಿಯುವುದೇ ಎಂಬ ಇದೇ ಪ್ರಶ್ನೆಯು ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ, ಕಲ್ಯಾಣದಲ್ಲಿ ಕುಳಿತು ಯಾಜ್ಞವಲ್ಕ್ಯ ಸ್ಮೃತಿಗೆ ವ್ಯಾಖ್ಯಾನವಾಗಿ ಮಿತಾಕ್ಷರೆಯನ್ನು ರಚಿಸಿದ ವಿಜ್ಞಾನೇಶ್ವರನಿಗೂ ಎದುರಾಗಿತ್ತು. ತನ್ನ ಭೂಮಿಯನ್ನು ಅನ್ಯನು ಕಣ್ಣೆದುರಿಗೇ ಅನುಭವಿಸುತ್ತಿರಲು 20 ವರ್ಷ ತುಟಿಪಿಟಕ್ಕೆನ್ನದೆ ಇದ್ದವನಿಗೆ ನಷ್ಟ ತಪ್ಪದೆಂದು ಯಾಜ್ಞವಲ್ಕ್ಯ ಸ್ಮೃತಿಯು ವಿಧಿಸಿರುವುದಷ್ಟೆ. ಆದರೆ ಆತನು ಕಳೆದುಕೊಳ್ಳುವುದು ನೆಲವನ್ನೆಂದು ವಿಜ್ಞಾನೇಶ್ವರನು ಒಪ್ಪಲಿಲ್ಲ. ಕಾಲವು ಕಳೆಯಿತೆಂಬ ಮಾತ್ರಕ್ಕೆ ಸ್ವಾಮ್ಯವು ಅಳಿಯದು, ಆ ವರ್ಷಗಳ ಫಲವನ್ನು ಮಾತ್ರ ಕೇಳಲಾಗದು ಎಂಬುದು ಆತನ ನಿರ್ಣಯ. ಬಾಲಕರ, ಬುದ್ಧಿಹೀನರ ಸ್ವತ್ತಿಗೂ ಒತ್ತೆಯಿಟ್ಟ ವಸ್ತುವಿಗೂ ಸ್ಮೃತಿಯೇ ವಿನಾಯಿತಿಯನ್ನಿತ್ತಿದೆ. ಒಂಬೈನೂರು ವರ್ಷಗಳ ಹಿಂದಿನ ಈ ವ್ಯಾಖ್ಯಾನಕಾರನಲ್ಲಿ, ನಿರ್ಲಕ್ಷ್ಯಕ್ಕೆ ದಂಡ ವಿಧಿಸುವುದಕ್ಕೂ ಸರ್ವಸ್ವವನ್ನು ಕಿತ್ತುಕೊಳ್ಳುವುದಕ್ಕೂ ಇರುವ ಅಂತರದ ಅರಿವು ನಮ್ಮ ಶಾಸನಕರ್ತರಿಗಿಂತ ಸೂಕ್ಷ್ಮವಾಗಿತ್ತೆಂದು ನನ್ನ ಅಭಿಪ್ರಾಯ.

ಸರ್ವೋಚ್ಚ ನ್ಯಾಯಾಲಯವೇ 2008ರಲ್ಲಿ ಪ್ರತಿಕೂಲ ಸ್ವಾಧೀನದ ನಿಯಮವನ್ನು ಯುಕ್ತಿಹೀನವೆಂದು ಜರೆದು, ಪುನರ್ವಿಮರ್ಶಿಸುವಂತೆ ಕೇಂದ್ರಕ್ಕೆ ಸೂಚಿಸಿತ್ತು. ಹೀಗಿದ್ದೂ, ಕರ್ನಾಟಕ ಉಚ್ಚ ನ್ಯಾಯಾಲಯದ ಮುಖ್ಯ ನ್ಯಾಯಮೂರ್ತಿಗಳಾಗಿದ್ದ ಋತುರಾಜ್ ಅವಸ್ಥಿಯವರ ಅಧ್ಯಕ್ಷತೆಯ ಕಾನೂನು ಆಯೋಗವು 2023ರ ತನ್ನ 280ನೆಯ ವರದಿಯಲ್ಲಿ ಬದಲಾವಣೆಯೇ ಬೇಡವೆಂದಿತು. ಈ ನಿಯಮದ ಸಮರ್ಥನೆಗೆ ಮುಂದಿಡುವ, ನೆಲವು ಪಾಳುಬೀಳಬಾರದೆಂಬ ವಾದವು ಉತ್ತು ಬಿತ್ತಿದ ರೈತನ ವಿಷಯದಲ್ಲಿ ಸಲ್ಲಬಹುದು; ದಿನೇ ದಿನೇ ಬೆಲೆಯೇರುವ ನಗರದ ನಿವೇಶನಕ್ಕೆ ಬೇಲಿ ಸುತ್ತಿ ಬೀಗ ಜಡಿದವನ ಶ್ರಮ ಯಾವುದು? 27ನೆಯ ಕಲಮನ್ನು ತಿದ್ದಿ, ಸ್ವಾಧೀನದಲ್ಲಿದ್ದವನಿಗೆ ಕಳೆದ ವರ್ಷಗಳ ಫಲವನ್ನೂ ಅವನು ಮಾಡಿದ ಅಭಿವೃದ್ಧಿಯ ವೆಚ್ಚವನ್ನೂ ಸಲ್ಲಿಸಿ ನೆಲವನ್ನು ಒಡೆಯನಿಗೆ ಉಳಿಸಬೇಕು. ಮನೆ ಕಟ್ಟಿ ಸಂಸಾರ ಹೂಡಿದ ಬಡವನನ್ನು ಎಬ್ಬಿಸುವುದು ಅನ್ಯಾಯವೆನಿಸುವಲ್ಲಿ ನೆಲದ ಬೆಲೆಯನ್ನು ಕಂತುಗಳಲ್ಲಿ ಒಡೆಯನಿಗೆ ಕೊಡಿಸುವ ಅಧಿಕಾರವನ್ನು ನ್ಯಾಯಾಲಯಕ್ಕೆ ನೀಡಬೇಕು.