ಮರ ಹತ್ತುವವನ ಗರಗಸ

ಮಳೆಗಾಲಕ್ಕೆ ಮುಂಚೆ ಮುಂಬಯಿಯ ರಸ್ತೆಬದಿಯ ಮರಗಳ ಕೊಂಬೆ ಸವರುವ ಕೆಲಸ ವರ್ಷವರ್ಷವೂ ನಡೆಯುತ್ತದೆ. ಪಾಲಿಕೆ ಕಂತ್ರಾಟು ಕೊಡುತ್ತದೆ. ಮರ ಹತ್ತುವವನು ಕೂಲಿಯಾಳು. ಅವನ ಗರಗಸವನ್ನು ನೆಲದ ಮೇಲೆ ನಿಂತ ಕಂತ್ರಾಟುದಾರ ಆರಿಸಕೂಡದು, ಹತ್ತುವವನೇ ಆರಿಸತಕ್ಕದ್ದು ಎಂದು ನನ್ನ ಖಚಿತ ಅಭಿಪ್ರಾಯ.

ಇದು ಹೋಟೆಲಿನ ಮಾತಲ್ಲ, ಗಿರಣಿಯ ಮಾತೂ ಅಲ್ಲ ಎನ್ನುವಿರೇನು? ದೋಸೆ ಕಲ್ಲಿನ ಮುಂದೆ ನಿಂತವನ ಸಟ್ಟುಗವನ್ನು ಗಲ್ಲಾದ ಮೇಲೆ ಕುಳಿತವನು ಆರಿಸಿದರೆ ದೋಸೆ ಹರಿದೀತು, ಅಷ್ಟೇ. ಅಲ್ಲಿ ಹರಿಯುವುದು ಹಗ್ಗ.

ಬಡಗಿಯ ಗರಗಸ ಒಣ ಹಲಗೆಗೆ ಸರಿ. ಹಸಿ ಕೊಂಬೆಯಲ್ಲಿ ಅದರ ಸಣ್ಣ ಹಲ್ಲುಗಳ ನಡುವೆ ಒದ್ದೆ ಪುಡಿ ಮೆತ್ತಿಕೊಂಡು ಅಲಗು ಸಿಕ್ಕಿಬೀಳುತ್ತದೆ. ಮರದ ಮೇಲೆ ಬೇಕಾದದ್ದು ಬಾಗಿದ ಅಲಗು, ಎಳೆದಾಗ ಕೊಯ್ಯುವ ದೊಡ್ಡ ಹಲ್ಲು, ಸುಮಾರು 30ರಿಂದ 33 ಸೆಂಟಿಮೀಟರ್ ಉದ್ದ. ಆದರೆ ಇಂಥ ಹಲ್ಲು ಬಿಗಿದ ಹಗ್ಗಕ್ಕೆ ತಗುಲಿದರೆ ಕ್ಷಣದಲ್ಲಿ ಕತ್ತರಿಸಿಬಿಡುತ್ತದೆ. ಆದ್ದರಿಂದ ಗರಗಸದಷ್ಟೇ ಅದರ ಒರೆಯನ್ನೂ ನೋಡಬೇಕು. ಒಂದೇ ಕೈಯಿಂದ ಹಿರಿದು, ಒಂದೇ ಕೈಯಿಂದ ಒಳಗಿಟ್ಟರೆ ಗಟ್ಟಿಯಾಗಿ ಕೂರುವ ಒರೆ ಬೇಕು. ಅದನ್ನು ಕಾಲಿಗೆ ಕಟ್ಟಿಕೊಳ್ಳಬೇಕು. ಮಡಚುವ ಗರಗಸ ನೆಲದ ಮೇಲಿನ ಕೆಲಸಕ್ಕಿರಲಿ. ಅದನ್ನು ಬಿಚ್ಚಲು, ಮುಚ್ಚಲು ಎರಡೂ ಕೈ ಬೇಕು.

ಇನ್ನೊಂದು ವಿಷಯ. ಈಗಿನ ಅನೇಕ ಅಲಗುಗಳ ಹಲ್ಲಿನ ತುದಿಯನ್ನು ಕಾಯಿಸಿ ಗಡುಸು ಮಾಡಿರುತ್ತಾರೆ. ಅರ ಅದನ್ನು ಕಚ್ಚದು. "ಮಸೆದುಕೋ ಹೋಗು" ಎಂದು ಗದರಿಸಿ ಪ್ರಯೋಜನವಿಲ್ಲ. ಬಿಡಿ ಅಲಗು ಸಿಗುವ ಗರಗಸವನ್ನೇ ಕೊಳ್ಳಬೇಕು. ಮೊಂಡಾದಾಗ ಹೊಸ ಅಲಗನ್ನು ಕಂತ್ರಾಟುದಾರನೇ ಕೊಡತಕ್ಕದ್ದು. ಅದರ ಬೆಲೆಯನ್ನು ಕೂಲಿಯಲ್ಲಿ ಮುರಿದುಕೊಳ್ಳುವುದನ್ನು ನಾವು ಒಪ್ಪುವುದಿಲ್ಲ.