ಚೆಂಡು ಯಾರ ಕೈಯಾಗ ಅದ?

ಹುಡುಗ ಮಾಡಿದರೆ ಚಾಲಾಕಿ, ಹುಡುಗಿ ಮಾಡಿದರೆ ಮೋಸ. ನಮ್ಮ ಕಡೆಯ ಆಟದ ಬಯಲುಗಳಲ್ಲಿ ಯಾರೂ ಬರೆದಿಡದೆ ಎಲ್ಲರೂ ಪಾಲಿಸಿಕೊಂಡು ಬಂದ ಕಾನೂನು ಇದು. ಸೇಡಂ, ಚಿತ್ತಾಪುರ, ಚಿಂಚೋಳಿ ಕಡೆ ಮಗಳ ಆಟ ನೋಡಲೆಂದು ಶಾಲೆಯ ಕ್ರೀಡಾಕೂಟಕ್ಕೆ ಹೋದ ತಾಯಂದಿರು ಈ ಮಾತನ್ನು ಒಂದಲ್ಲ ಒಂದು ರೂಪದಲ್ಲಿ ಕೇಳಿಯೇ ಇರುತ್ತೀರಿ. ನಾನಂತೂ ಕೇಳಿ ಕೇಳಿ ಬೇಸತ್ತಿದ್ದೇನೆ.

ಓಡುವವರನ್ನು ಔಟ್ ಮಾಡುವ ಯಾವ ಆಟದಲ್ಲಾದರೂ ಎದುರಾಳಿಯ ಕಣ್ಣಿಗೆ ಒಂದನ್ನು ತೋರಿಸಿ ಇನ್ನೊಂದನ್ನು ಮಾಡುವ ವಿದ್ಯೆ ಇದ್ದೇ ಇದೆ. ಶಹಾಬಾದಿನ ಓಣಿಯಲ್ಲಿ ಲಗೋರಿ ಆಡಿದ ನನಗೆ ಅದನ್ನು ಯಾರೂ ಪಾಠ ಮಾಡಿ ಹೇಳಿಕೊಡಬೇಕಾಗಲಿಲ್ಲ. ಅಲ್ಲಿ ಕಲ್ಲಿಗೇನು ಬರ? ಫರಸಿಯ ಚೂರುಗಳು ಮನೆಯ ಮುಂದೆಯೇ ಬಿದ್ದಿರುತ್ತಿದ್ದವು, ಚಪ್ಪಟೆಯಾಗಿ, ಒಂದರ ಮೇಲೊಂದು ಇಟ್ಟರೆ ಅಲುಗದಂಥವು. ಏಳು ಕಲ್ಲು ಬೀಳಿಸಿದವರು ಮತ್ತೆ ಜೋಡಿಸಬೇಕು, ಅಷ್ಟರೊಳಗೆ ನಾವು ಚೆಂಡಿನಿಂದ ಹೊಡೆದು ಅವರನ್ನು ಔಟ್ ಮಾಡಬೇಕು. ಚೆಂಡು ಸಿಕ್ಕ ಕೂಡಲೇ ನಾವು ನಾಲ್ಕೈದು ಮಂದಿ ಒಂದು ಕಡೆ ಸೇರಿ, ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಚದುರಿ ನಿಲ್ಲುತ್ತಿದ್ದೆವು. ಒಬ್ಬಳ ಕೈಯಲ್ಲಿ ಚೆಂಡು, ಉಳಿದವರ ಕೈ ಬರಿದು. "ಚೆಂಡು ಯಾರ ಕೈಯಾಗ ಅದ?" ಎಂದು ಅವರು ಚೀರುವುದು, "ನನ್ನ ಕೈಯಾಗ" ಎಂದು ನಾವೆಲ್ಲ ಒಟ್ಟಿಗೆ ಹೇಳುವುದು. ಮುಂದಿನ ಸರದಿಯಲ್ಲಿ ಅವರೂ ಹಾಗೆಯೇ ಮಾಡುತ್ತಿದ್ದರು. ಯಾರೂ ಅತ್ತುಕೊಂಡು ಮನೆಗೆ ಹೋಗಲಿಲ್ಲ.

ಅಮೆರಿಕದ ಬೇಸ್‌ಬಾಲ್ ಆಟದಲ್ಲಿಯೂ ಇದೇ ಉಪಾಯ ಇದೆ ಎಂದು ಎಷ್ಟೋ ವರ್ಷಗಳ ಮೇಲೆ ಓದಿ ನಕ್ಕಿದ್ದೆ. ಅಲ್ಲಿ ಓಟಗಾರ ಒಂದು ನೆಲೆಯಿಂದ ಇನ್ನೊಂದು ನೆಲೆಗೆ ಓಡಬೇಕು. ನೆಲೆಯ ಬಳಿ ನಿಂತ ಆಟಗಾರ ಚೆಂಡನ್ನು ಕೈಗವಸಿನಲ್ಲಿ ಅಡಗಿಸಿಕೊಂಡು, ಚೆಂಡು ಎಸೆಯುವವನಿಗೆ ಮರಳಿತೆಂಬಂತೆ ಸುಮ್ಮನಿರುತ್ತಾನೆ. ಓಟಗಾರ ನೆಲೆ ಬಿಟ್ಟು ಎರಡು ಹೆಜ್ಜೆ ಇಟ್ಟನೋ, ಮುಟ್ಟಿ ಔಟ್ ಮಾಡುತ್ತಾನೆ. 1982ರಲ್ಲಿ ಅಲ್ಲಿನ ಕಾಲೇಜುಗಳ ದೊಡ್ಡ ಪಂದ್ಯಾವಳಿಯಲ್ಲಿ ಮಯಾಮಿ ತಂಡ ಇನ್ನೂ ದೊಡ್ಡ ನಾಟಕ ಆಡಿತು. ಎಸೆಯುವವನು ಮೊದಲ ನೆಲೆಗೆ ಎಸೆದಂತೆ ನಟಿಸಿದ, ಅಲ್ಲಿದ್ದವನು ಚೆಂಡು ತಪ್ಪಿತೆಂಬಂತೆ ನೆಲಕ್ಕೆ ಹಾರಿದ, ಉಳಿದವರು ಇಲ್ಲದ ಚೆಂಡನ್ನು ಹುಡುಕುತ್ತ ಓಡಿದರು. ವಿಚಿಟಾ ಸ್ಟೇಟ್ ತಂಡದ ಫಿಲ್ ಸ್ಟೀಫನ್‌ಸನ್ ಎರಡನೆಯ ನೆಲೆಗೆ ಓಡಿ ಸಿಕ್ಕಿಬಿದ್ದ. ಆ ದೇಶದವರು ಇಂದಿಗೂ ಅದನ್ನು ಮೆಚ್ಚಿ ಹೇಳುತ್ತಾರೆ. ಹಾಗೆಂದು ಅಲ್ಲಿ ಲಂಗುಲಗಾಮಿಲ್ಲವೆಂದು ತಿಳಿಯಬೇಡಿ. ಎಸೆಯುವವನ ಕಾಲು ತನ್ನ ಪಟ್ಟಿಯ ಮೇಲಿರುವಾಗ ಮೊದಲ ನೆಲೆಗೆ ಎಸೆದಂತೆ ಸುಳ್ಳು ಅಭಿನಯ ಮಾಡಿದರೆ ತಪ್ಪು, ಓಟಗಾರನಿಗೆ ಮುಂದಿನ ನೆಲೆ ಪುಕ್ಕಟೆ. ಎಲ್ಲಿಯವರೆಗೆ ನಟಿಸಬಹುದು, ಎಲ್ಲಿ ನಿಲ್ಲಬೇಕು ಎಂಬುದು ಆಟಕ್ಕೆ ಮೊದಲೇ ಇಬ್ಬರಿಗೂ ಗೊತ್ತು.

ಈಗ ನಮ್ಮ ಖೋ-ಖೋಗೆ ಬನ್ನಿ. ಬೆನ್ನಟ್ಟುವವಳ ಪಾಡು ನೋಡಿ. ನಡುಗೆರೆ ದಾಟುವಂತಿಲ್ಲ. ಒಂದು ದಿಕ್ಕು ಹಿಡಿದ ಮೇಲೆ ಕಂಬ ಮುಟ್ಟುವ ತನಕ ಹಿಂದಿರುಗುವಂತಿಲ್ಲ. ಓಡುವವಳಿಗೋ ಯಾವ ಕಟ್ಟೂ ಇಲ್ಲ, ಕುಳಿತವರ ನಡುವೆ ನುಸುಳಿ ಹೇಗೆ ಬೇಕಾದರೂ ಹಾಯಬಹುದು. ಕಾಲಿನ ವೇಗ ಒಂದನ್ನೇ ನಂಬಿದರೆ ಬೆನ್ನಟ್ಟುವವಳು ಸಂಜೆಯವರೆಗೂ ಓಡಬೇಕಾದೀತು. ಅದಕ್ಕೇ ಹುಸಿ ಖೋ. ಕುಳಿತವಳ ಬೆನ್ನಿಗೆ ಕೈ ಚಾಚಿದಂತೆ ಮಾಡಿ, ಮೈ ಬಗ್ಗಿಸಿ, ಬಾಯಿ ಮಾತ್ರ ತೆರೆಯದೆ ಮುಂದೆ ಸಾಗುವುದು. ಓಡುವವಳು ಆ ಕಡೆ ಹೊರಳುತ್ತಾಳೆ, ಕೈಗೆ ಸಿಗುತ್ತಾಳೆ. ಕೈಕಾಲಿಗೆಲ್ಲ ಕಟ್ಟು ಹಾಕಿಸಿಕೊಂಡವಳಿಗೆ ಉಳಿದ ಒಂದೇ ಆಯುಧ ಅದು.

ಕೆಲವು ವರ್ಷಗಳ ಹಿಂದೆ ನಮ್ಮ ಭಾಗದ ಒಂದು ಕೂಟದಲ್ಲಿ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಈ ಹುಸಿ ಖೋದಿಂದ ಒಬ್ಬರ ಹಿಂದೆ ಒಬ್ಬರಂತೆ ಇಬ್ಬರನ್ನು ಹಿಡಿದಳು. ಪಂಚರು ಸೀಟಿ ಊದಲಿಲ್ಲ, ಊದುವಂಥದ್ದೇನೂ ನಡೆದಿರಲಿಲ್ಲ. ಗದರಿದವರು ಅವಳದೇ ಶಾಲೆಯ ಮಾಸ್ತರರು. "ಹೆಣ್ಣುಹುಡುಗಿಯಾಗಿ ಇಷ್ಟು ಕಪಟ ಎಲ್ಲಿ ಕಲ್ತೀಯವ್ವಾ? ನೆಟ್ಟಗ ಆಡು." ಹುಡುಗಿಯ ಮುಖ ಸಣ್ಣದಾಯಿತು. ಆಮೇಲೆ ಅವಳು ನೆಟ್ಟಗೇ ಆಡಿದಳು, ಯಾರೂ ಅವಳ ಕೈಗೆ ಸಿಗಲಿಲ್ಲ, ತಂಡ ಸೋತಿತು. ಅದೇ ದಿನ ಮಧ್ಯಾಹ್ನ ಹುಡುಗರ ಪಂದ್ಯದಲ್ಲಿ ಇದೇ ಪಟ್ಟು ಬಿದ್ದಾಗ "ಭಲೇ ಹುಲಿ" ಎಂದು ಶಲ್ಯ ಬೀಸಿದವರೂ ಅದೇ ಮಾಸ್ತರರು.

ನನ್ನ ಸಿಟ್ಟು ಇರುವುದು ಇಲ್ಲಿ.

2022ರ ಸೆಪ್ಟೆಂಬರ್ 24ರಂದು ಲಾರ್ಡ್ಸ್ ಮೈದಾನದಲ್ಲಿ ನಡೆದದ್ದು ನಿಮಗೆ ನೆನಪಿರಬಹುದು. ಝೂಲನ್ ಗೋಸ್ವಾಮಿಯ ಕೊನೆಯ ಪಂದ್ಯ. ಇಂಗ್ಲೆಂಡಿಗೆ ಇನ್ನು 17 ರನ್ ಬೇಕು, ಉಳಿದದ್ದು ಒಂದೇ ವಿಕೆಟ್. 47 ರನ್ ಮಾಡಿದ್ದ ಚಾರ್ಲಿ ಡೀನ್ ಈ ತುದಿಯಿಂದ ಗೆರೆ ಬಿಟ್ಟು ಹೊರಟಿದ್ದಳು. ಬೌಲ್ ಮಾಡಲು ಬಂದ ದೀಪ್ತಿ ಶರ್ಮಾ ತಿರುಗಿ ಬೇಲ್ಸ್ ಎಗರಿಸಿದಳು. ಸರಣಿ 3-0. ಆಟದ ಘನತೆ ಹೋಯಿತೆಂದು ಎಷ್ಟು ಗದ್ದಲ! ಅಂದೂ ಅದು ಕಾನೂನಿಗೆ ಒಪ್ಪಿದ ಔಟೇ. ಆದರೆ ಪುಸ್ತಕದಲ್ಲಿ 'ಅನುಚಿತ ಆಟ'ದ ಅಧ್ಯಾಯದಲ್ಲಿ ಕುಳಿತಿತ್ತು. ಮಾರ್ಚ್‌ನಲ್ಲೇ ತೀರ್ಮಾನವಾಗಿದ್ದಂತೆ ಒಂದೇ ವಾರಕ್ಕೆ, ಅಕ್ಟೋಬರ್ 1ರಿಂದ, ಅದು ರನ್ ಔಟ್ ಅಧ್ಯಾಯಕ್ಕೆ ಬಂತು. 1947ರಲ್ಲಿ ವಿನೂ ಮಂಕಡ್ ಸಿಡ್ನಿಯಲ್ಲಿ ಬಿಲ್ ಬ್ರೌನ್‌ನನ್ನು ಹೀಗೆ ಔಟ್ ಮಾಡಿದಾಗ ಎದುರು ತಂಡದ ನಾಯಕ ಬ್ರಾಡ್‌ಮನ್ನೇ ಮಂಕಡ್ ಪರ ನಿಂತಿದ್ದ. ಗೆರೆ ಬಿಟ್ಟು ಹೆಜ್ಜೆ ಕದಿಯುವವರನ್ನು ಬಿಟ್ಟು, ಹಿಡಿದವರನ್ನು ಕಳ್ಳರೆನ್ನುವುದು ಯಾವ ಊರಿನ ನ್ಯಾಯ?

ಅಶ್ವಿನ್ 2019ರಲ್ಲಿ ಬಟ್ಲರ್‌ನನ್ನು ಹೀಗೆಯೇ ಔಟ್ ಮಾಡಿದಾಗಲೂ ಕೂಗೆದ್ದಿತ್ತು, ಒಪ್ಪುತ್ತೇನೆ. ಆಗ ನಮ್ಮ ಪಡಸಾಲೆಯಲ್ಲಿ ಕುಳಿತ ಗಂಡಸರು ಕಾನೂನಿನ ಬಗ್ಗೆ ವಾದ ಮಾಡಿದರು. ದೀಪ್ತಿಯ ಸರದಿಗೆ ಅದೇ ಪಡಸಾಲೆಯಲ್ಲಿ "ಹೆಣ್ಣುಮಗಳು ಹಿಂಗ ಮಾಡಬಾರದಿತ್ತು ನೋಡ್ರಿ" ಎಂಬ ಮಾತು ಬಂತು.

ಆಟದಲ್ಲಿ ಕಲಿತ ಕಪಟ ಬಾಳಿಗೂ ಬಂದೀತಲ್ಲವೇ ಎಂದು ಕೇಳುವ ಹಿರಿಯರಿದ್ದಾರೆ. ಅವರ ಮಾತನ್ನು ತಳ್ಳಿಹಾಕಲಾರೆ. ತೊಗರಿಯ ತೂಕದಲ್ಲಿ ರೈತನ ಕಣ್ಣಿಗೆ ಮಣ್ಣೆರಚುವುದು ಮೋಸ. ವರನ ಕುಡಿತ ಮುಚ್ಚಿಟ್ಟು ನಿಶ್ಚಯ ಮಾಡುವುದು ಮಹಾಮೋಸ. ಎದುರಿನವರಿಗೆ ಅಲ್ಲೊಂದು ಆಟ ನಡೆದಿದೆ ಎಂಬುದೇ ತಿಳಿದಿರುವುದಿಲ್ಲ, ಅವರು ನಂಬಿಕೆಯಿಂದ ಕೈ ಕೊಟ್ಟಿರುತ್ತಾರೆ. ಖೋ-ಖೋ ಅಂಕಣಕ್ಕೆ ಇಳಿದ ಹುಡುಗಿ ಹಾಗೆ ನಂಬಿ ಬಂದವಳಲ್ಲ. ನನ್ನನ್ನು ಏಮಾರಿಸಲು ನೋಡುತ್ತಾರೆ ಎಂದು ತಿಳಿದೇ ಇಳಿದಿರುತ್ತಾಳೆ.

ನಿಯಮ ಮುರಿಯುವ ಆಟದಲ್ಲಿ ಮಾತ್ರ ನಾನು ಯಾರ ಪರವೂ ನಿಲ್ಲುವುದಿಲ್ಲ. ಗದಾಯುದ್ಧದಲ್ಲಿ ಭೀಮ ತೊಡೆಗೆ ಹೊಡೆದದ್ದು ನಿಯಮಭಂಗವೇ. ಕ್ರಿಕೆಟ್ಟಿನಲ್ಲಿ 2017ರಿಂದ, ಮಾತಿನಿಂದಾಗಲಿ ಕೈಸನ್ನೆಯಿಂದಾಗಲಿ ಬ್ಯಾಟುಗಾರರನ್ನು ಬೇಕೆಂದೇ ಏಮಾರಿಸಿದರೆ 5 ರನ್ ದಂಡವಿದೆ. 2021ರ ಏಪ್ರಿಲ್‌ನಲ್ಲಿ ಜೋಹಾನ್ಸ್‌ಬರ್ಗಿನಲ್ಲಿ ಚೆಂಡು ಆ ತುದಿಗೆ ಹೋಗುತ್ತಿದೆ ಎಂಬಂತೆ ಕ್ವಿಂಟನ್ ಡಿ ಕಾಕ್ ಕೈ ಮಾಡಿದ, ಪಾಕಿಸ್ತಾನದ ಫಖರ್ ಜಮಾನ್ ಹಿಂದೆ ನೋಡುತ್ತ ನಿಧಾನವಾಗಿ 193ಕ್ಕೆ ರನ್ ಔಟಾದ. ತಪ್ಪು ತನ್ನದೇ ಎಂದು ಫಖರ್ ಹೇಳಿದ, ಪಂಚರೂ ದಂಡ ಹಾಕಲಿಲ್ಲ. ನನ್ನನ್ನು ಕೇಳಿದರೆ ಹಾಕಬಹುದಿತ್ತು.

2025ರ ಜನವರಿ 19ರಂದು ದಿಲ್ಲಿಯಲ್ಲಿ ಮೊದಲ ಖೋ-ಖೋ ವಿಶ್ವಕಪ್ಪನ್ನು ನಮ್ಮ ಹೆಣ್ಣುಮಕ್ಕಳು ನೇಪಾಳವನ್ನು 78-40ರಿಂದ ಸೋಲಿಸಿ ಗೆದ್ದರು. ಫೈನಲ್ಲಿನ ಶ್ರೇಷ್ಠ ಆಟಗಾರ್ತಿ ಮೈಸೂರು ಜಿಲ್ಲೆಯ ಹಳ್ಳಿಯ ಚೈತ್ರಾ. ಅಂಥವಳನ್ನು ಟೀವಿಯಲ್ಲಿ ಕಂಡು ವಾಡಿಯ ರೈಲ್ವೆ ಕ್ವಾರ್ಟರ್ಸಿನ ಹುಡುಗಿಗೂ ಆಸೆಯಾಗುತ್ತದೆ. ಅವಳಿಗೆ ಹುಸಿ ಖೋ ಹೇಳಿಕೊಡುವವರು ಯಾರು? ಈ ಸಲ ಕೂಟಕ್ಕೆ ಹೋದಾಗ ಯಾವ ಮಾಸ್ತರರಾದರೂ ಹುಡುಗಿಯನ್ನು ಕಪಟಿ ಎಂದು ಗದರಿದರೆ, ಸೆರಗು ಸರಿಪಡಿಸಿಕೊಂಡು ಎದ್ದು ನಿಂತು ಕೇಳಿ, "ಯಾವ ನಿಯಮ ಮುರದಾಳ್ರಿ ಸರ? ಪುಸ್ತಕದಾಗ ತೋರಸ್ರಿ."