ಮೊಳಕೆ ಕಾಣದ ಮಾಲ್ಟು

2023ನೆಯ ಇಸವಿ ನಮ್ಮ ಸೀಮೆಗೆ ಎರಡು ಗೌರವಗಳನ್ನು ತಂದಿತು. ಆ ವರ್ಷದ ಸೆಪ್ಟೆಂಬರಿನಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರಗಳ ಹೊಯ್ಸಳ ದೇವಾಲಯಗಳು ಯುನೆಸ್ಕೋದ ವಿಶ್ವಪರಂಪರೆಯ ಪಟ್ಟಿಯನ್ನು ಸೇರಿದುವು. ಅದೇ ವರ್ಷವನ್ನು ವಿಶ್ವಸಂಸ್ಥೆಯು ಸಿರಿಧಾನ್ಯಗಳ ಅಂತರರಾಷ್ಟ್ರೀಯ ವರ್ಷವೆಂದು ಆಚರಿಸಿತು. ಕಲ್ಲಿಗೂ ಮನ್ನಣೆ, ಕಾಳಿಗೂ ಮನ್ನಣೆ! ಆದರೆ ಇವೆರಡಕ್ಕೂ ಒಂದು ಭೇದವುಂಟು. ಕಲ್ಲನ್ನು ಕೆತ್ತಿದವನ ಕೆಲಸ ಒಮ್ಮೆ ಮುಗಿದರೆ ಮುಗಿಯಿತು. ಉಳಿದವರು ಅದನ್ನು ಕಾದುಕೊಂಡಿದ್ದರೆ ಸಾಕು. ಕಾಳಾದರೋ ದಿನದಿನವೂ ಬೆಂದು, ಮಗುವಿನ ಬಾಯಿಗೆ ಹೋಗಿ, ಮೈಗೂಡಿದಲ್ಲದೆ ಅದರ ಗೌರವ ಪೂರ್ತಿಯಾಗದು. ಈ ಎರಡನೆಯ ಗೌರವ ಎಷ್ಟರಮಟ್ಟಿಗೆ ಪೂರ್ತಿಯಾಗಿದೆ ಎಂಬುದೇ ನನ್ನ ಇಂದಿನ ವಿಚಾರ.

ಅರಸೀಕೆರೆಯ ಕಾಲೇಜೊಂದರಲ್ಲಿ ಕನ್ನಡ ಪಾಠ ಹೇಳುವ ನನಗೆ ಆಹಾರವಿಜ್ಞಾನದಲ್ಲಿ ಯಾವ ಅಧಿಕಾರವೂ ಇಲ್ಲ. ಆದರೆ ಬಾಣಾವರ, ಜಾವಗಲ್ಲುಗಳನ್ನು ಹಾದು ಹಳೇಬೀಡಿನ ಕಡೆಗೆ ಹೋಗುವ ದಾರಿಯನ್ನು ಬಲ್ಲೆ. ಅರಸೀಕೆರೆಯಿಂದ ಹೊರಟಾಗ ಇಕ್ಕೆಲದಲ್ಲಿ ತೆಂಗು, ರಾಗಿ. ಹಳೇಬೀಡನ್ನು ದಾಟಿ ಬೇಲೂರಿನ ಮಲೆನಾಡ ಅಂಚನ್ನು ಮುಟ್ಟುವಷ್ಟರಲ್ಲಿ ಬತ್ತದ ಗದ್ದೆ, ಕಾಫಿಯ ತೋಟ. ಮುದ್ದೆಯ ನಾಡಿನಿಂದ ಅನ್ನದ ನಾಡಿಗೆ ಒಂದು ಹೊತ್ತಿನ ಪಯಣ.

ಒಮ್ಮೆ ಜಾವಗಲ್ಲಿನ ಬಳಿಯ ಹಳ್ಳಿಯಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ಮನೆಗೆ ಹೋಗಿದ್ದೆ. ಅವನ ಹೆಂಡತಿ ಎಂಟು ತಿಂಗಳ ಕೂಸಿಗೆ ರಾಗಿ ಮಾಲ್ಟ್ ಕಾಸುತ್ತಿದ್ದಳು. ಗಿರಣಿಯಿಂದ ತಂದ ಹಿಟ್ಟು, ಬೆಲ್ಲ, ನೀರು. ಗಟ್ಟಿಯಾಯಿತೆಂದು ಮತ್ತಷ್ಟು ನೀರು ಬೆರೆಸಿದಳು. ಮೂಲೆಯಲ್ಲಿ ಕುಳಿತಿದ್ದ ಅಜ್ಜಿ ಸುಮ್ಮನಿರಲಾರದೆ ನನ್ನತ್ತ ತಿರುಗಿ, “ಮೊಳಕೆ ಕಟ್ಟದ ಹಿಟ್ಟು ಮಗೀನ ಗಂಟ್ಲಲ್ಲಿ ಇಳಿಯಾಕಿಲ್ಲ ಮೇಷ್ಟ್ರೇ. ನೀರು ಹುಯ್ದ್ರೆ ಇಳೀತದೆ, ಹೊಟ್ಟೆ ತುಂಬ್ತದೆ, ಮೈ ತುಂಬಾಕಿಲ್ಲ” ಎಂದರು.

ಮುದುಕಿಯ ಗೊಣಗಾಟವೆಂದು ಆಗ ನಕ್ಕುಬಿಟ್ಟೆ. ಆ ಮಾತೇ ಒಂದು ಸಂಶೋಧನೆಯ ಸಾರವೆಂದು ತಿಳಿದದ್ದು ಆಮೇಲೆ.

ಮೈಸೂರಿನ ಚೆಲುವಾಂಬ ವಿಲಾಸದ ಅರಮನೆಯಲ್ಲಿ 1950ರಲ್ಲಿ ಕೇಂದ್ರ ಆಹಾರ ತಾಂತ್ರಿಕ ಸಂಶೋಧನಾಲಯ ಆರಂಭವಾಯಿತು. ಅಲ್ಲಿಯ ವಿಜ್ಞಾನಿಗಳಾದ ಎನ್. ಜಿ. ಮಲ್ಲೇಶಿ ಮತ್ತು ಹೆಚ್. ಎಸ್. ಆರ್. ದೇಶಿಕಾಚಾರ್ ಇವರು ಮೊಳೆಯಿಸಿದ ರಾಗಿ ಹಾಗೂ ಹೆಸರುಕಾಳುಗಳಿಂದ ಎದೆಹಾಲು ಬಿಡುವ ವಯಸ್ಸಿನ ಮಕ್ಕಳಿಗೆ ಒಂದು ಆಹಾರವನ್ನು ರೂಪಿಸಿ, ಅದರ ವಿವರವನ್ನು 1982ರಲ್ಲಿ ಪ್ರಕಟಿಸಿದರು. ಅವರು ಎತ್ತಿಕೊಂಡ ಪ್ರಶ್ನೆ ಅಜ್ಜಿಯ ಪ್ರಶ್ನೆಯೇ: ಗಂಜಿ ತೆಳ್ಳಗಿರಬೇಕು, ಆದರೆ ಅದರಲ್ಲಿ ಕಾಳಿನ ಅಂಶ ಹೆಚ್ಚಿರಬೇಕು, ಇದು ಹೇಗೆ ಸಾಧ್ಯ?

ರಾಗಿಯ ಹಿಟ್ಟಿನಲ್ಲಿ ಪಿಷ್ಟವೇ ಹೆಚ್ಚು. ಬಿಸಿನೀರು ತಾಗಿದರೆ ಪಿಷ್ಟದ ಕಣಗಳು ನೀರು ಕುಡಿದು ಉಬ್ಬಿ, ಗಂಜಿಯನ್ನು ಅಂಟಾಗಿಸುತ್ತವೆ. ಮುದ್ದೆಗೆ ಗುಣವಾದದ್ದು ಕೂಸಿಗೆ ದೋಷವಾಗುವುದು ಇಲ್ಲಿಯೇ. ಅಂಟಾದದ್ದನ್ನು ಹಲ್ಲಿಲ್ಲದ ಮಗು ನುಂಗಲಾರದು. ನೀರು ಬೆರೆಸಿದರೆ ಅಂಗೈಯಗಲದ ಹೊಟ್ಟೆ ನೀರಿನಿಂದಲೇ ತುಂಬಿಹೋಗುವುದು. ರಾಗಿಯನ್ನು ನೆನೆಹಾಕಿ, ಒದ್ದೆ ಬಟ್ಟೆಯಲ್ಲಿ ಕಟ್ಟಿಟ್ಟು, ಎರಡು ದಿನ ಮೊಳೆಯಲು ಬಿಟ್ಟರೆ ಕಾಳಿನೊಳಗೆ ಅಮೈಲೇಸ್ ಎಂಬ ಕಿಣ್ವ ಹುಟ್ಟುತ್ತದೆ. ಸಸಿಗೆ ಉಣಿಸಲೆಂದು ಪಿಷ್ಟವನ್ನು ಒಡೆಯುವುದು ಅದರ ಸಹಜಧರ್ಮ. ಮೊಳೆತದ್ದನ್ನು ಒಣಗಿಸಿ, ಬೇರು ಉಜ್ಜಿ ತೆಗೆದು, ಕಿಣ್ವ ಸಾಯದಂತೆ ಹದವಾಗಿ ಹುರಿದು ಬೀಸಿದರೆ, ಆ ಹಿಟ್ಟಿನ ಗಂಜಿ ಕಾಯುತ್ತಿರುವಾಗಲೇ ತೆಳುವಾಗುವುದು. ಆದ್ದರಿಂದ ಅಷ್ಟೇ ನೀರಿಗೆ ಹೆಚ್ಚು ಹಿಟ್ಟು ಹಾಕಬಹುದು. ಅಷ್ಟೇ ಬಟ್ಟಲಿನಲ್ಲಿ ಹೆಚ್ಚು ಸತ್ತ್ವ ದೊರೆಯುತ್ತದೆ. ಮೊಳೆಯುವಾಗ ಫೈಟೇಟಿನಂಥ ದ್ರವ್ಯಗಳು ಕಡಮೆಯಾಗಿ, ಅವು ಹಿಡಿದಿಟ್ಟುಕೊಂಡಿದ್ದ ಕಬ್ಬಿಣ, ಸುಣ್ಣಗಳು ದೇಹಕ್ಕೆ ಹೆಚ್ಚಾಗಿ ಒದಗುತ್ತವೆ. ರಾಗಿಯಲ್ಲಿ ಕೊರತೆಯಾದ ಲೈಸೀನ್ ಹೆಸರುಕಾಳಿನಲ್ಲಿ ಧಾರಾಳವಾಗಿದೆ. ನಮ್ಮ ತಾಯಂದಿರು ಕೈಯಿಂದ ಬಲ್ಲುದನ್ನು ಸಂಶೋಧಕರು ಅಳತೆಯಿಂದ ಬಲ್ಲವರಾದರು.

ಇದು ನಮ್ಮೊಬ್ಬರ ಸೊತ್ತೂ ಅಲ್ಲ. ರಾಗಿ ಮೂಲತಃ ಪೂರ್ವ ಆಫ್ರಿಕದಿಂದ ಬಂದ ಧಾನ್ಯ. ಅಲ್ಲಿನ ತಾಂಜಾನಿಯದಲ್ಲಿ ಮೊಳೆಯಿಸಿದ ಹಿಟ್ಟಿಗೆ ‘ಕಿಮೇಯ’ ಎಂದು ಹೆಸರು. ಅದನ್ನು ಸ್ವಲ್ಪವೇ ಬೆರೆಸಿ ಮಕ್ಕಳ ಗಂಜಿಯನ್ನು ತೆಳುಮಾಡುವ ಕ್ರಮವನ್ನು ಅಲ್ಲಿಯ ಸಂಶೋಧಕರೂ 1980ರ ದಶಕದಲ್ಲಿ ಪರೀಕ್ಷಿಸಿದರು. ನಮ್ಮಲ್ಲಿ ಬರೋಡದ ತಾರಾ ಗೋಪಾಲದಾಸರೂ ಇದೇ ದಾರಿಯಲ್ಲಿ ದುಡಿದರು.

ಈಗ ನನ್ನ ಅಧಿಕಾರಕ್ಕೆ ಒಳಪಟ್ಟ ವಿಷಯಕ್ಕೆ ಬರುತ್ತೇನೆ, ಅದು ಶಬ್ದ. ಇಂಗ್ಲಿಷಿನಲ್ಲಿ ‘ಮಾಲ್ಟ್’ ಎಂದರೆ ಮೊಳೆಯಿಸಿ ಒಣಗಿಸಿದ ಧಾನ್ಯವೆಂದೇ ಅರ್ಥ. ಕನ್ನಡಕ್ಕೆ ಬಂದ ಮೇಲೆ ಈ ಶಬ್ದ ತನ್ನ ಮೊಳಕೆಯನ್ನು ಕಳೆದುಕೊಂಡಿತು. ಹಾಲು ಬೆಲ್ಲ ಬೆರೆತ ರಾಗಿಯ ಪಾನಕವೆಲ್ಲವೂ, ಕಾಳು ಮೊಳೆತಿರಲಿ ಬಿಡಲಿ, ಇಂದು ‘ರಾಗಿ ಮಾಲ್ಟ್’. ಶಬ್ದಗಳು ಅರ್ಥವನ್ನು ಬದಲಿಸಿಕೊಳ್ಳುವುದು ಭಾಷೆಯ ಸ್ವಭಾವ. ಅದಕ್ಕಾಗಿ ನಾನು ಮರುಗುವವನಲ್ಲ. ಆದರೆ ಇಲ್ಲಿ ಅರ್ಥದ ಜೊತೆಗೆ ಒಂದು ಕ್ರಿಯೆಯೂ ನಷ್ಟವಾಗಿದೆ. ಹೆಸರು ಉಳಿದುದರಿಂದಲೇ ನಷ್ಟ ಯಾರ ಕಣ್ಣಿಗೂ ಬೀಳುತ್ತಿಲ್ಲ. ‘ಮಾಲ್ಟ್ ಕುಡಿಸಿದ್ದೇನೆ’ ಎಂಬ ಸಮಾಧಾನ ತಾಯಿಗೆ, ನೀರು ಮಗುವಿಗೆ.

ನಷ್ಟ ಸಣ್ಣದಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ 35 ಮಂದಿ ವಯಸ್ಸಿಗೆ ತಕ್ಕ ಎತ್ತರವಿಲ್ಲದವರು. ರಕ್ತಹೀನತೆಯುಳ್ಳವರು ನೂರಕ್ಕೆ 65ಕ್ಕೂ ಹೆಚ್ಚು. ಸರ್ಕಾರ ಸುಮ್ಮನೆ ಕುಳಿತಿಲ್ಲ. 2024ರ ಫೆಬ್ರವರಿಯಲ್ಲಿ ಸರ್ಕಾರಿ ಮತ್ತು ಅನುದಾನಿತ ಶಾಲೆಗಳಲ್ಲಿ ವಾರಕ್ಕೆ ಮೂರು ದಿನ ಹಾಲಿನೊಡನೆ ರಾಗಿಯ ಪೌಷ್ಟಿಕ ಮಿಶ್ರಣ ಕೊಡುವ ಯೋಜನೆ ಆರಂಭವಾಯಿತು. ಒಳ್ಳೆಯ ಕೆಲಸವೇ ಸರಿ. ಆದರೆ ಕುಂಠಿತ ಬೆಳವಣಿಗೆಗೆ ಬಹುಪಾಲು ಬುನಾದಿ ಬೀಳುವುದು ಮಗು ಶಾಲೆಯ ಮೆಟ್ಟಿಲು ತುಳಿಯುವುದಕ್ಕೆ ಎಷ್ಟೋ ಮುಂಚೆ, ಆರು ತಿಂಗಳಿಂದ ಎರಡು ವರ್ಷದವರೆಗಿನ ಅವಧಿಯಲ್ಲಿ. ಬಟ್ಟಲು ತೆಳ್ಳಗಾಗುವುದೂ ಆಗಲೇ.

ರಾಗಿಯನ್ನು ಹೊಗಳುವ ಭರದಲ್ಲಿ ಅದನ್ನು ಸಂಜೀವಿನಿಯನ್ನಾಗಿ ಮಾಡಬೇಕಾದದ್ದಿಲ್ಲ. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯ 2017ರ ಕೋಷ್ಟಕದಲ್ಲಿ ನೂರು ಗ್ರಾಂ ರಾಗಿಗೆ 364 ಮಿಲಿಗ್ರಾಂ ಸುಣ್ಣವಿದೆ. ಪಾಲಿಶ್ ಅಕ್ಕಿಯಲ್ಲಿ ಅದು ಹತ್ತನ್ನೂ ಮುಟ್ಟದು. ಆದರೂ ರಾಗಿಯೊಂದರಿಂದಲೇ ರಕ್ತಹೀನತೆ ನೀಗದು. ಸೊಪ್ಪು, ಬೇಳೆ, ಮೊಟ್ಟೆಗಳೂ ಬೇಕು. ಮೊಳಕೆ ಕಟ್ಟುವ ನೀರೂ ಬಟ್ಟೆಯೂ ಕೊಳಕಾಗಿದ್ದರೆ ಉಪಕಾರಕ್ಕಿಂತ ಅಪಕಾರವೇ ಹೆಚ್ಚು. ಗಂಜಿಯನ್ನು ಚೆನ್ನಾಗಿ ಕುದಿಸಲೇಬೇಕು.

ಹಾಗೆಂದು ಆ ಹಳ್ಳಿಯ ಸೊಸೆಯನ್ನು ದೂರಲೇ? ಬೆಳಗ್ಗೆ ಕೂಲಿಗೆ ಹೋಗಿ ಸಂಜೆ ಮರಳುವವಳು ನೆನೆಹಾಕಿ, ಕಟ್ಟಿ, ಒಣಗಿಸಿ, ಉಜ್ಜಿ, ಹುರಿದು ಬೀಸಲು ಎಲ್ಲಿಂದ ತಂದಾಳು ಅಷ್ಟು ಬಿಡುವನ್ನು? ಹಿಂದೆ ಅತ್ತೆ, ನಾದಿನಿ, ಓರಗಿತ್ತಿಯರು ಹಂಚಿಕೊಂಡಿದ್ದ ಕೆಲಸ ಈಗ ಒಬ್ಬಳ ತಲೆಯ ಮೇಲಿದೆ. ಒಬ್ಬಳಿಂದಾಗದ್ದನ್ನು ಊರು ಮಾಡಬೇಕು. ಹೋಬಳಿಗೊಂದು ಸ್ತ್ರೀಶಕ್ತಿ ಸಂಘ ಈ ಹಿಟ್ಟನ್ನು ಮಾಡಿ ಅಂಗನವಾಡಿಗೆ ಒದಗಿಸಿದರೆ ರಾಗಿ ಬೆಳೆದವನಿಗೆ ಹತ್ತಿರದಲ್ಲೇ ಗಿರಾಕಿ, ಹೆಂಗಸರಿಗೆ ಕೂಲಿ, ಕೂಸಿಗೆ ಸತ್ತ್ವ. ಮೊಳೆತ ಹಿಟ್ಟು ಸೇರೆಗಟ್ಟಲೆಯೇ ಬೇಕೆಂದಿಲ್ಲ. ಸಾಮಾನ್ಯ ಗಂಜಿಗೆ ಸ್ವಲ್ಪ ಬೆರೆಸಿದರೂ ಅದು ತೆಳುವಾಗುತ್ತದೆ. ಮನೆಯಲ್ಲಿ ಮಾಡುವವರಿಗೆ ಇದೇ ಹಗುರವಾದ ದಾರಿ.

ಕನಕದಾಸರ ‘ರಾಮಧಾನ್ಯ ಚರಿತ್ರೆ’ಯನ್ನು ನಾನು ಪ್ರತಿವರ್ಷ ಪಾಠ ಹೇಳುತ್ತೇನೆ. ಬತ್ತಕ್ಕೂ ರಾಗಿಗೂ ವಾದ ಬಿದ್ದು, ಎರಡನ್ನೂ ಆರು ತಿಂಗಳು ಸೆರೆಯಲ್ಲಿಟ್ಟು, ಕೆಡದೆ ಉಳಿದ ರಾಗಿಗೆ ರಾಮನು ತನ್ನ ಹೆಸರನ್ನು ಕೊಟ್ಟ ಕಥೆ ಅದು. ಅಂದು ರಾಗಿ ಗೆದ್ದದ್ದು ಹೆಸರಿನಿಂದಲ್ಲ, ಪರೀಕ್ಷೆಯಿಂದ. ಹೆಸರು ಬಂದದ್ದು ಆಮೇಲೆ. ಇಂದು ಹೆಸರು ಮೊದಲೇ ಬಂದುಬಿಟ್ಟಿದೆ. ಪರೀಕ್ಷೆ ಜಾವಗಲ್ಲಿನ ಆ ಕೂಸಿನ ಬಟ್ಟಲಿನಲ್ಲಿ ಇನ್ನೂ ನಡೆಯಬೇಕಾಗಿದೆ.